ದುರಗವ್ವನ ಪರದೆ

ಹೊಳೆದಂಡೆಯ ಆಶ್ರಮದಲ್ಲಿ ಬಡವರಿಗೊಂದು ಆಸ್ಪತ್ರೆ ಇತ್ತು. ಅಲ್ಲಿ ಮೇಜಿನ ಮೇಲೆ ಬರೀ ಪರದೆ ಮತ್ತು ಕೀಲಿಮಣೆ. ಹದಿನಾಲ್ಕು ಜನರ ಡೆಸ್ಕ್‌ಟಾಪ್‌ಗಳೂ ಹಿಂದಿನ ಕೋಣೆಯ ಒಂದೇ ಸರ್ವರ್‌ನಲ್ಲಿ ನಡೆಯುತ್ತಿದ್ದವು. ಅದನ್ನು ನೋಡಿಕೊಳ್ಳುತ್ತಿದ್ದವರು ಗುರು ನಿರ್ವಾಣೆಪ್ಪ. ಅವರ ಬಳಿ ಕಲಿಯುತ್ತಿದ್ದವನು ಮೌನೇಶ.

ಔಷಧಿ ಕೊಡುವ ದುರಗವ್ವನ ಪ್ರೋಗ್ರಾಂ ವಾರದಿಂದ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಆಸ್ಪತ್ರೆಯ ಕಾರ್ಯದರ್ಶಿ ಮೌನೇಶನಿಗೆ ಹೇಳಿದರು: "ಕಸ ಗುಡಿಸುವವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದರೆ ಇನ್ನೇನಾಗುತ್ತದೆ? ಮಧ್ಯಾಹ್ನ ಹನ್ನೆರಡರೊಳಗೆ ಖಚಿತ ಕಾರಣ ಬರೆದುಕೊಡಿ. ನಾಳೆಯಿಂದ ಅವಳಿಗೆ ಮತ್ತೆ ಪೊರಕೆ."

ಮೌನೇಶ ಗುರುವಿನ ಬಳಿ ಬಂದ.

"ಗುರುಗಳೇ, ಪ್ರೋಗ್ರಾಂ ಮೂರು ಸಲ ಅಳಿಸಿ ಹೊಸದಾಗಿ ಹಾಕಿದೆ. ಆದರೂ ಬೀಳುತ್ತದೆ."

"ಬಿದ್ದಾಗ ಏನು ಮಾಡಿದೆ?"

"ಮತ್ತೆ ಶುರು ಮಾಡಿದೆ."

"ಬೀಳುವಾಗ ಅದು ಏನು ಹೇಳಿತು?"

"ನೋಡಲಿಲ್ಲ."

"ಸಾಯುವವನ ಮಾತು ಕೇಳದೆ ಸ್ನಾನ ಮಾಡಿಸಿಬಿಟ್ಟೆ. ಹೋಗು, ಅವಳ ಪಕ್ಕ ಕೂತುಕೋ. ಏನನ್ನೂ ಮುಟ್ಟಬೇಡ."

ಮೌನೇಶ ಹೋಗಿ ಕೂತ. ದುರಗವ್ವ ಎರಡೇ ಬೆರಳಿನಲ್ಲಿ ಒತ್ತುತ್ತಿದ್ದಳು. ಒಂದೂ ತಪ್ಪಿಲ್ಲ.

"ನೀನೂ ಕಾವಲಿಗೆ ಬಂದೇನು ತಮ್ಮಾ?" ಎಂದಳು.

"ಇನ್ನು ಯಾರಿದ್ದಾರೆ ಅಕ್ಕಾ?"

ಅವಳು ಗದ್ದ ಎತ್ತಿ ಗೋಡೆಯ ಕ್ಯಾಮೆರಾ ತೋರಿಸಿದಳು. "ಅದರಾಗ ಸಾಹೇಬ್ರು ಕುಂತಾರ. ನಾ ಆಕಳಿಸಿದ್ರೂ ಫೋನ್ ಬರ್ತೈತಿ."

ಹನ್ನೊಂದೂ ಹತ್ತಕ್ಕೆ ಪ್ರೋಗ್ರಾಂ ಮುಚ್ಚಿಕೊಂಡಿತು. ಸಾಲಿನಲ್ಲಿದ್ದವರು ಗೊಣಗಿದರು.

ಮೌನೇಶ ಈ ಸಲ ಮತ್ತೆ ಶುರು ಮಾಡಲಿಲ್ಲ. ಬೀಳುವಾಗ ಪ್ರೋಗ್ರಾಂ ಬರೆದಿಟ್ಟ ದಾಖಲೆ ತೆರೆದು ಓದಿದ. ಗುರುವಿನ ಬಳಿ ಓಡಿದ.

"ಮೆಮೊರಿ ಸಾಲದೆ ಬಿದ್ದಿದೆ. ಆದರೆ ಅವಳು ಬೇರೇನನ್ನೂ ತೆರೆದೇ ಇಲ್ಲ. ಅವಳ ಡೆಸ್ಕ್‌ಟಾಪ್ ಪೂರ್ತಿ ಹುಡುಕಿದೆ."

"ಆ ಮನೆಯಲ್ಲಿ ಅವಳೊಬ್ಬಳೇ ಇದ್ದಾಳೆಯೇ?"

"ಇಲ್ಲ, ಒಂದೇ ಸರ್ವರ್‌ನಲ್ಲಿ ಹದಿನಾಲ್ಕು ಜನ."

"ಹಸಿದವಳ ತಟ್ಟೆಯನ್ನೇ ಎಷ್ಟು ಸಲ ತಿರುವಿ ನೋಡುತ್ತೀ?"

ಮೌನೇಶ ಹಿಂದಿನ ಕೋಣೆಗೆ ಹೋದ. ಸರ್ವರ್‌ನಲ್ಲಿ ಯಾರು ಎಷ್ಟು ಮೆಮೊರಿ ಬಳಸುತ್ತಿದ್ದಾರೆ ಎಂಬ ಪಟ್ಟಿ ನೋಡಿದ. ತಿರುಗಿ ಬಂದಾಗ ಅವನ ದನಿ ಇಳಿದಿತ್ತು.

"ಅರ್ಧಕ್ಕಿಂತ ಹೆಚ್ಚು ಒಬ್ಬರ ಬಳಿಯೇ ಇದೆ. ಕಾರ್ಯದರ್ಶಿಗಳು. ತಮ್ಮ ಪರದೆಯಲ್ಲಿ ಎಂಟು ಕ್ಯಾಮೆರಾ ಒಟ್ಟಿಗೆ ತೆರೆದಿದ್ದಾರೆ."

"ಉಳಿದವರದು ಏಕೆ ಬೀಳುವುದಿಲ್ಲ?"

"ಅವರವು ಹಗುರ. ದುರಗವ್ವನದು ಔಷಧಿಗಳ ಇಡೀ ಪಟ್ಟಿಯನ್ನು ಹೊತ್ತಿದೆ. ಕೊರತೆಯಾದರೆ ಮೊದಲು ಅದೇ ಬೀಳುತ್ತದೆ."

"ಖಾತ್ರಿಯೇ?"

"ಅವರು ಚಹಾಕ್ಕೆಂದು ಎದ್ದು ಕ್ಯಾಮೆರಾ ಮುಚ್ಚಿದಾಗ ಚೆನ್ನಾಗಿ ನಡೆಯಿತು. ಬಂದು ತೆರೆದರು, ಬಿತ್ತು. ನಿನ್ನೆಯ ದಾಖಲೆಯಲ್ಲೂ ಹೀಗೇ ಇದೆ."

"ಕ್ಯಾಮೆರಾದಲ್ಲಿ ಏನು ನೋಡುತ್ತಾರೆ?"

ಮೌನೇಶ ಹೇಳಿದ: "ದುರಗವ್ವ ಏನು ತಪ್ಪು ಮಾಡುತ್ತಾಳೆ ಎಂದು."

ಗುರು ಒಂದು ಹಾಳೆ, ಒಂದು ಪೆನ್ನು ಅವನ ಮುಂದಿಟ್ಟರು.

ಮಧ್ಯಾಹ್ನಕ್ಕೆ ಇನ್ನು ಕಾಲು ಗಂಟೆ ಇತ್ತು. ಪೆನ್ನು ಕೈಯಲ್ಲೇ ಇತ್ತು. ಹಾಳೆ ಖಾಲಿ ಇತ್ತು.

"ಮೆಮೊರಿ ಕೊರತೆ ಎಂದಷ್ಟೇ ಬರೆಯಲೇ?"

"ಹಾಗೆ ಬರೆದರೆ ನಾಳೆ ಔಷಧಿ ಕೊಡುವವರು ಯಾರು?"

"ದುರಗವ್ವ ಅಲ್ಲ."

"ಮತ್ತೆ?"

"ಅವರ ಹೆಸರು ಬರೆದರೆ ನನ್ನನ್ನೂ ಇಲ್ಲಿಂದ ಓಡಿಸುತ್ತಾರೆ, ಗುರುಗಳೇ. ಸ್ವಲ್ಪ ಯೋಚಿಸಬೇಕು."

"ನಿನ್ನೆ ಕಾರ್ಯದರ್ಶಿಗಳು ಮೊದಲ ಸಲ ಕಾರಣ ಕೇಳಿದಾಗ ಏನು ಬರೆದುಕೊಟ್ಟೆ?"

ಮೌನೇಶ ತಲೆ ತಗ್ಗಿಸಿದ. "ದುರಗವ್ವ ತಪ್ಪು ಗುಂಡಿ ಒತ್ತಿರಬಹುದು ಎಂದು."

"ಅದನ್ನು ಬರೆಯಲು ಎಷ್ಟು ಹೊತ್ತು ಯೋಚಿಸಿದ್ದೆ?"