ಬಳೆಗಾರನ ಮಗಳು ಬಾಯಿ ತೆರೆದ ದಿನ

"ಗುರುಗಳೇ," ಎಂದು ಸಿದ್ಧವೀರಯ್ಯ ಕೇಳಿದ, "ನನ್ನ ತಂಗಿಯ ಮಗ ಮಂಕಾಗಿದ್ದಾನೆ. ಚಿತ್ರ ಬರೆಸಿ ಮನಸ್ಸನ್ನು ವಾಸಿಮಾಡುವವರೊಬ್ಬರ ಬಳಿಗೆ ಕರೆದೊಯ್ಯುತ್ತಿದ್ದೇವೆ. ಪ್ರತಿ ಸಲವೂ ಹಣ ಕೊಡಬೇಕು. ಗುಣವಾಗುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ. ನಮ್ಮಂಥವರು ಇದನ್ನು ಎಲ್ಲಿಯವರೆಗೆ ನಡೆಸಬಹುದು?"

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಅವನಿಗೆ ಏಳು ವರ್ಷದ ಮಗಳು. ಮನೆಗೆ ಬೆಂಕಿ ಬಿದ್ದ ದಿನ ತೊಟ್ಟಿಲಲ್ಲಿದ್ದ ಅವಳ ತಮ್ಮ ತೀರಿಕೊಂಡ. ಅಂದಿನಿಂದ ಹುಡುಗಿ ಮಾತು ಬಿಟ್ಟಳು. ವೈದ್ಯರು ನಾಲಿಗೆ ನೋಡಿದರು, ಗಂಟಲು ನೋಡಿದರು, ದೋಷವೇನೂ ಇಲ್ಲ ಎಂದರು.

ಪಕ್ಕದ ಪಟ್ಟಣದಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ನೊಂದ ಮಕ್ಕಳ ಮುಂದೆ ಬಣ್ಣ, ಹಾಳೆ ಇಟ್ಟು ಜೊತೆಯಲ್ಲಿ ಸುಮ್ಮನೆ ಕೂರುವಳು. ಬಾಯಲ್ಲಿ ಹೇಳಲಾಗದ್ದನ್ನು ಮಕ್ಕಳು ಬರೆಯುವರು. ಅದೇ ಅವಳ ಜೀವನೋಪಾಯ. ಬಳೆಗಾರ ವಾರಕ್ಕೊಮ್ಮೆ ಮಗಳನ್ನು ಅಲ್ಲಿಗೆ ಕರೆದೊಯ್ದ. ಚಿತ್ರಗಾರ್ತಿಗೆ ಹಣ ಕೊಡಬೇಕಿತ್ತು, ಆ ದಿನದ ವ್ಯಾಪಾರವೂ ಹೋಗುತ್ತಿತ್ತು. ಮೂರನೆಯ ವಾರ ಮನೆಗೆ ಹಾಲು ತರಿಸುವುದು ನಿಂತಿತು. ಐದನೆಯ ವಾರ ಅವನ ಗಂಟಿನಲ್ಲಿ ಹೊಸ ಬಳೆಗಳಿರಲಿಲ್ಲ.

ಊಟಕ್ಕೆ ಕೂತಾಗಲೆಲ್ಲ ಗಂಡ ಹೆಂಡಿರದು ಅದೇ ಮಾತು.

"ಇನ್ನೆಷ್ಟು ವಾರವಂತೆ?"

"ಕೇಳಿದೆ. ಹೇಳಲಾಗದು ಎಂದರು."

"ಮುಂದಿನ ವಾರಕ್ಕೆ ಎಲ್ಲಿಂದ ತರುತ್ತೀರಿ?"

ಹುಡುಗಿ ಎದುರಿಗೇ ಕೂತು ಉಣ್ಣುತ್ತಿದ್ದಳು. ಬರಬರುತ್ತ ಅವಳ ತುತ್ತೂ ಸಣ್ಣದಾಯಿತು. ಅದನ್ನು ಅವರು ಗಮನಿಸಲಿಲ್ಲ.

ಎಂಟನೆಯ ವಾರ, ಇನ್ನೇನು ಹೊರಡಬೇಕು ಎನ್ನುವಾಗ ಅವಳು ಬಾಯಿ ತೆರೆದಳು.

"ಅಪ್ಪಾ, ನನಗೆ ವಾಸಿಯಾಗಿದೆ. ಇನ್ನು ಅಲ್ಲಿಗೆ ಹೋಗುವುದು ಬೇಡ."

ತಾಯಿ ಅವಳನ್ನು ಬಾಚಿ ತಬ್ಬಿಕೊಂಡಳು. ತಂದೆ ಅತ್ತುಬಿಟ್ಟ. ಉಳಿದಿದ್ದರಲ್ಲಿ ಒಳ್ಳೆಯ ಒಂದು ಜೊತೆ ಬಳೆ ಹಿಡಿದು, ಸುದ್ದಿ ಹೇಳಲು ಒಬ್ಬನೇ ಪಟ್ಟಣಕ್ಕೆ ಓಡಿದ.

ಚಿತ್ರಗಾರ್ತಿ ಬಳೆ ಮುಟ್ಟಲಿಲ್ಲ. "ತಮ್ಮನ ವಿಷಯ ಏನಾದರೂ ಹೇಳಿದಳೇ?" ಎಂದು ಕೇಳಿದಳು.

"ಇಲ್ಲ."

ಅವಳು ಒಳಗಿನಿಂದ ಹಾಳೆಗಳನ್ನು ತಂದಳು. ಆರು ವಾರ ಹುಡುಗಿ ಬರೀ ಕಪ್ಪು ಬಳಿದಿದ್ದಳು. ಏಳನೆಯ ಹಾಳೆಯ ಮೂಲೆಯಲ್ಲಿ ಒಂದು ಚಿಕ್ಕ ತೊಟ್ಟಿಲಿತ್ತು.

"ಈಗಷ್ಟೇ ಅದರ ಹತ್ತಿರ ಬಂದಿದ್ದಳು," ಎಂದಳು ಚಿತ್ರಗಾರ್ತಿ. "ಅವಳಿಗೆ ವಾಸಿಯಾಗಿಲ್ಲ. ನಿಮಗೆ ಖರ್ಚು ಉಳಿಯಲಿ ಎಂದು ಮಾತಾಡಿದ್ದಾಳೆ."

ಬಳೆಗಾರ ಕೈಮುಗಿದ. "ತಾಯೀ, ನನ್ನ ಕೈಯಲ್ಲಿ ನಿಜವಾಗಿಯೂ ಏನೂ ಇಲ್ಲ."

"ಬಿಟ್ಟಿ ಮಾಡಿದರೆ ನನ್ನ ಒಲೆಯೂ ಉರಿಯುವುದಿಲ್ಲ. ಹಣವಿಲ್ಲದೆ ಬರಲಾಗದ ಇಂಥ ಮಕ್ಕಳು ಇನ್ನೂ ಮೂವರಿದ್ದಾರೆ. ನಾಲ್ವರನ್ನೂ ಒಟ್ಟಿಗೆ ಕೂರಿಸುತ್ತೇನೆ. ಒಬ್ಬರು ಕೊಡುವುದನ್ನು ನಾಲ್ಕು ಮನೆಯವರು ಹಂಚಿಕೊಳ್ಳಿ."

ಹಾಗೆಯೇ ನಡೆಯಿತು. ಆದರೆ ಹುಡುಗಿ ತಿಂಗಳುಗಟ್ಟಲೆ ಕುಂಚ ಮುಟ್ಟಲಿಲ್ಲ. ಬಣ್ಣ ಮುಗಿದುಹೋದೀತೆಂದು ಅವಳಿಗೆ ಭಯ. ತಂದೆ ಪಕ್ಕದಲ್ಲಿ ಕೂತು, ಬೇಕೆಂದೇ ಬಟ್ಟಲುಗಟ್ಟಲೆ ಬಣ್ಣ ಚೆಲ್ಲಿ ತಾನೇ ಚಿತ್ರ ಬರೆಯತೊಡಗಿದ. ತಮ್ಮನ ಹೆಸರು ಹಿಡಿದು ಅವಳು ಗಟ್ಟಿಯಾಗಿ ಅತ್ತದ್ದು ಮರುವರ್ಷ.

ಗುರುಗಳು ಮಾತು ನಿಲ್ಲಿಸಿದರು.

"ಹಾಗಾದರೆ ನಾವೂ ಖರ್ಚು ಹಂಚಿಕೊಳ್ಳುವ ಮನೆಗಳನ್ನು ಹುಡುಕುತ್ತೇವೆ," ಎಂದು ಸಿದ್ಧವೀರಯ್ಯ ಎದ್ದ.

"ಹುಡುಕು. ಆದರೆ ಖರ್ಚಿನ ಮಾತು ನಡೆಯುವಾಗ ನಿನ್ನ ತಂಗಿಯ ಮಗ ಎಲ್ಲಿ ಕೂತಿರುತ್ತಾನೆ?"

"ನಮ್ಮ ಎದುರಿಗೇ," ಎಂದು ಸಿದ್ಧವೀರಯ್ಯ ಮತ್ತೆ ಕೂತ.