ನೇರಳೆ ದ್ರಾಕ್ಷಿ, ಗುಲಾಬಿ ಕಡ್ಡಿ

"ಗುರುಗಳೇ, ಕಣ್ಣಿಗೆ ಕಂಡದ್ದು ಒಂದು, ಪುಸ್ತಕದಲ್ಲಿರುವುದು ಇನ್ನೊಂದು ಆದರೆ ಯಾವುದನ್ನು ನಂಬಬೇಕು?" ಎಂದು ಶಿಷ್ಯ ಕೇಳಿದ.

ಅವನು ಸೂಕ್ಷ್ಮಜೀವಿ ಶಾಸ್ತ್ರದ ಎರಡನೆಯ ವರ್ಷದ ವಿದ್ಯಾರ್ಥಿ. ಅಂದಿನ ಪ್ರಯೋಗ ಮುಗಿಸಿ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಬಂದಿದ್ದ. ಗುರುಗಳು ರೆಕಾರ್ಡನ್ನು ತೆರೆದು ನೋಡಿದರು, ಮುಚ್ಚಿದರು. ಸಹಿ ಹಾಕಲಿಲ್ಲ. ಒಂದು ಕತೆ ಹೇಳಿದರು.

ಒಂದು ಕಾಲೇಜಿನಲ್ಲಿ ಒಬ್ಬ ಅಧ್ಯಾಪಕನಿದ್ದ. ಅವನ ಪ್ರಯೋಗಶಾಲೆಯಲ್ಲಿ ಒಂದು ಗಾಜಿನ ನಳಿಕೆ ಇತ್ತು. ಅದರಲ್ಲಿ ಗಾಯಕ್ಕೆ ಕೀವು ತರಿಸುವ ಬ್ಯಾಕ್ಟೀರಿಯಾ. ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದು ನೇರಳೆ ದ್ರಾಕ್ಷಿ ಗೊಂಚಲಿನ ಹಾಗೆ ಕಾಣಬೇಕು. ಅಟೆಂಡರ್ ತಿಂಗಳಿಗೊಮ್ಮೆ ಅದನ್ನು ಹೊಸ ನಳಿಕೆಗೆ ದಾಟಿಸಿ ಜೀವಂತ ಇಡುತ್ತಿದ್ದ. ವರ್ಷವರ್ಷವೂ ವಿದ್ಯಾರ್ಥಿಗಳು ಹಿರಿಯರ ರೆಕಾರ್ಡು ನೋಡಿ ದ್ರಾಕ್ಷಿಯ ಚಿತ್ರ ಬಿಡಿಸುತ್ತಿದ್ದರು, ಅಧ್ಯಾಪಕ ಸಹಿ ಹಾಕುತ್ತಿದ್ದ. ಪುಸ್ತಕದ ಬದನೇಕಾಯಿ ತಿಂದೇ ಅಲ್ಲಿ ಎಲ್ಲರ ಹೊಟ್ಟೆ ತುಂಬುತ್ತಿತ್ತು.

ಒಂದು ವರ್ಷ ಒಬ್ಬ ಹುಡುಗಿ ದ್ರಾಕ್ಷಿಯ ಜೊತೆಗೆ ಗುಲಾಬಿ ಬಣ್ಣದ ಕಡ್ಡಿಗಳನ್ನೂ ಬಿಡಿಸಿ ತಂದಳು.

"ಸರ್, ನನಗೆ ಇವೂ ಕಾಣ್ತಿವೆ. ಒಂದ್ಸಲ ಬಂದು ನೋಡಿ," ಎಂದಳು.

"ಅದು ನಿನ್ನ ಕೈಕೊಳೆ ಕಣಮ್ಮ. ಇಷ್ಟು ವರ್ಷ ಎಲ್ಲರಿಗೂ ಕಂಡ ದ್ರಾಕ್ಷಿ ನಿನಗೊಬ್ಬಳಿಗೆ ಕಡ್ಡಿಯಾಯ್ತಾ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಕೇಳಿಲ್ವಾ?"

ಗಾದೆ ಹೇಳಿದವನು ಕುರ್ಚಿ ಬಿಟ್ಟು ಏಳಲಿಲ್ಲ. ಮೈಕ್ರೋಸ್ಕೋಪು ನಾಲ್ಕೇ ಹೆಜ್ಜೆ ಆಚೆ ಇತ್ತು. ಕಡ್ಡಿಗಳ ಮೇಲೆ ಕೆಂಪು ಶಾಯಿ ಎಳೆದ. ಅವಳು ಬರೀ ದ್ರಾಕ್ಷಿ ಬಿಡಿಸಿ ತಂದಳು. ಹತ್ತಕ್ಕೆ ಹತ್ತು ಕೊಟ್ಟ.

ಅವಳು ಪಾಸಾಗಿ ಒಂದು ಆಸ್ಪತ್ರೆಯ ಲ್ಯಾಬು ಸೇರಿದಳು. ಒಮ್ಮೆ, ಆಪರೇಷನ್ ಮಾಡಿ ಹೆರಿಗೆಯಾದ ಬಾಣಂತಿಯೊಬ್ಬಳ ಗಾಯದ ಕೀವು ಪರೀಕ್ಷೆಗೆ ಬಂತು. ನೋಡಿದಳು. ದ್ರಾಕ್ಷಿ ಅಲ್ಲೊಂದು ಇಲ್ಲೊಂದು, ಗುಲಾಬಿ ಕಡ್ಡಿಗಳೇ ಹೆಚ್ಚು. ಕೀವು ಸವರಿ ಬೆಳೆಯಲಿಟ್ಟ ತಟ್ಟೆಯಲ್ಲಿ ಮರುದಿನ ಕಂಡದ್ದೂ ಹಸಿರಾಗಿತ್ತು, ಅದು ಬೇರೆಯೇ ಬ್ಯಾಕ್ಟೀರಿಯಾದ ಗುರುತು. ಅವಳಿಗೆ ಆ ಕೆಂಪು ಶಾಯಿ ನೆನಪಾಯಿತು. ನನ್ನ ಕೈಕೊಳೆಯೇ ಇರಬೇಕು ಎಂದುಕೊಂಡು ತಟ್ಟೆಯನ್ನು ಬಿಸಾಡಿದಳು. ದ್ರಾಕ್ಷಿ ಎಂದು ವರದಿ ಬರೆದಳು. ವೈದ್ಯರು ದ್ರಾಕ್ಷಿಗೆ ಮದ್ದು ಕೊಟ್ಟರು. ದ್ರಾಕ್ಷಿ ಸತ್ತಿತು. ಕಡ್ಡಿಗಳಿಗೆ ಆ ಮದ್ದು ಏನೂ ಮಾಡಲಿಲ್ಲ. ಐದನೆಯ ದಿನ ಬಾಣಂತಿ ತೀರಿಕೊಂಡಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಆ ಹುಡುಗಿ ತನ್ನ ಹಳೆಯ ರೆಕಾರ್ಡನ್ನು ಹುಡುಕಿ ತಂದು ಅಧ್ಯಾಪಕನ ಮೇಜಿನ ಮೇಲಿಟ್ಟಳು. ನಡೆದದ್ದನ್ನೆಲ್ಲ ಹೇಳಿದಳು. "ಇದಕ್ಕೆ ನೀವು ಹತ್ತಕ್ಕೆ ಹತ್ತು ಕೊಟ್ಟಿದ್ರಿ ಸರ್," ಎಂದು ಹೊರಟುಹೋದಳು.

ಅಂದು ಅಧ್ಯಾಪಕ ಆ ನಳಿಕೆಯಿಂದ ಒಂದಿಷ್ಟು ತೆಗೆದು ಗಾಜಿಗೆ ಸವರಿ, ಬಣ್ಣ ಹಾಕಿ, ಮೊದಲ ಬಾರಿಗೆ ತಾನೇ ಕಣ್ಣಿಟ್ಟು ನೋಡಿದ. ಕಡ್ಡಿಗಳಿದ್ದವು. ಅಟೆಂಡರನ ಕೈಯಲ್ಲಿ ಯಾವ ವರ್ಷ ಬೆರಕೆಯಾಗಿತ್ತೋ ಯಾರಿಗೆ ಗೊತ್ತು. ಅಂದಿನಿಂದ ಬಂದ ಅಷ್ಟೂ ಮಕ್ಕಳಿಗೆ ಅವು ಕಂಡಿದ್ದವು, ಅಷ್ಟೂ ಮಕ್ಕಳು ದ್ರಾಕ್ಷಿ ಬಿಡಿಸಿದ್ದರು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಟೆಂಡರನನ್ನು ಬೈದು ಆ ಹೇಸಿಗೆಯನ್ನು ತೊಳೆದುಕೊಳ್ಳಲು ನೋಡಿದ, ಅದು ಹೋಗಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಆ ಅಧ್ಯಾಪಕ ಯಾರೆಂದು ತಿಳಿದುಹೋಗಿತ್ತು.

"ಆ ನಳಿಕೆಯನ್ನು ಬಿಸಾಡಿದಿರಾ, ಗುರುಗಳೇ?" ಎಂದು ತಲೆಯೆತ್ತದೆ ಕೇಳಿದ.

ಗುರುಗಳು ಅವನ ರೆಕಾರ್ಡನ್ನು ತೆರೆದು ಅವನ ಕಡೆಗೆ ತಿರುಗಿಸಿದರು.

"ಇಲ್ಲ, ಬೇಕೆಂದೇ ಇಟ್ಟುಕೊಂಡೆ, ಇವತ್ತು ನೀನು ನೋಡಿದ್ದೂ ಅದನ್ನೇ, ಬಿಡಿಸಿ ತಂದದ್ದು ಮಾತ್ರ ಬರೀ ದ್ರಾಕ್ಷಿ."