ಬೆಳ್ಯಪ್ಪ ಜಿನ್ ಇಳಿಸಲು ಕಲಿತದ್ದು

ಕೇಳುವವರು ಹತ್ತಿರ ಬನ್ನಿ, ಕತೆ ಚಿಕ್ಕದು. ಚೋಂದಮ್ಮನಿಗೆ ಒಬ್ಬನೇ ಮಗ, ಹೆಸರು ಬೆಳ್ಯಪ್ಪ. ಮೂವತ್ತು ತುಂಬಿದ್ದರೂ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವನು. ಅದೇ ಅವಳ ಚಿಂತೆ. ಹುಡುಗನಿಗೆ ಕೆಲಸವಿದ್ದರೆ ಹೆಣ್ಣು ಕೊಡುತ್ತೇವೆಂದು ಒಂದು ಮನೆಯವರು ಹೇಳಿ ಕಳುಹಿಸಿದಾಗ, ಅವಳು ಅವನನ್ನು ಜಿನ್ ಬಟ್ಟಿ ಇಳಿಸುವ ಅಚ್ಚಯ್ಯ ಮೇಸ್ತ್ರಿಯ ಬಳಿ ಸೇರಿಸಿದಳು.

"ಕುಡಿಯೋ ವಸ್ತುವಿನ ಕೆಲಸ ಅಂತ ಹೆಣ್ಣಿನವರು ಮೂಗು ಮುರಿದರೆ, ಮೇಸ್ತ್ರಿ?"

"ಜಿನ್ ಮೊದಲು ಔಷಧಿಯಾಗಿತ್ತಂತೆ, ಅಕ್ಕ. ದೂರದೇಶದಲ್ಲಿ ಹೊಟ್ಟೆನೋವಿಗೆ ಕುಡಿಸ್ತಿದ್ರಂತೆ. ಹಾಗಂತ ಹೇಳಿ."

ಮೊದಲ ದಿನ ಮೇಸ್ತ್ರಿಯು ಜಿನ್‌ಗೆ ಘಮ ಕೊಡುವ ಜುನಿಪರ್ ಕಾಯಿ, ಕೊತ್ತಂಬರಿ ಬೀಜಗಳ ಪಕ್ಕದಲ್ಲಿ ಒಂದು ಬುಟ್ಟಿ ಕಿತ್ತಳೆ ಇಟ್ಟನು. "ಪರಿಮಳ ಇರೋದು ಸಿಪ್ಪೇಲಿ. ಸಿಪ್ಪೆ ಇಟ್ಕೊ, ಹಣ್ಣು ಬಿಸಾಕು."

ಬೆಳ್ಯಪ್ಪನು ಹಾಗೆಯೇ ಮಾಡಿದನು. ಸಂಜೆ ಸಂಬಂಧ ತಂದ ದಳ್ಳಾಳಿ ಮನೆಗೆ ಬಂದಾಗ ತಾಯಿ, "ಬಾಳೆಹಣ್ಣು ಸುಲಿದು ಕೊಡಪ್ಪ" ಎಂದಳು. ತಟ್ಟೆಯ ತುಂಬ ಸಿಪ್ಪೆ ಬಂತು. ಹಣ್ಣು ತಿಪ್ಪೆಗೆ ಹೋಗಿತ್ತು.

"ಅಯ್ಯೋ ನನ್ನ ಕರ್ಮವೇ. ಬಿಸಾಕೋ ಮೊದಲು ಯಾರಿಗಾದ್ರೂ ಬೇಕಾ ಅಂತ ಕೇಳಬಾರದಾ?"

"ಇನ್ನು ಕೇಳ್ತೀನಮ್ಮ."

ಮರುದಿನ ಹಂಡೆ ಕಾದು, ಕೊಳವೆಯ ಬಾಯಲ್ಲಿ ಹನಿ ಬೀಳತೊಡಗಿತು. "ಮೊದಲು ಬರೋದನ್ನ ಚೆಲ್ಲು" ಎಂದು ಹೇಳಿ ಮೇಸ್ತ್ರಿ ಸೌದೆ ತರಲು ಹೋದನು. ಬೆಳ್ಯಪ್ಪನು ಅದನ್ನು ಕೊಡದಲ್ಲಿ ಹಿಡಿದು, ಹೊತ್ತು ಬೀದಿಗೆ ಬಂದನು. "ಚೆಲ್ಲಬೇಕಂತೆ. ಯಾರಿಗಾದ್ರೂ ಬೇಕಾ?"

ಬೇಡವೆಂದವರು ಒಬ್ಬರೂ ಇಲ್ಲ. ಹದಿನೇಳು ಜನ ಲೋಟ ಹಿಡಿದು ಸಾಲಾಗಿ ನಿಂತರು. ಮೇಸ್ತ್ರಿ ಓಡಿಬಂದು ಕೊಡವನ್ನು ಒದ್ದು ಉರುಳಿಸಿದನು.

"ಅದು ವಿಷ ಮಾರಾಯ, ಕಣ್ಣು ಹೋಗುತ್ತೆ. ಮೊದಲು ಬಂದದ್ದನ್ನ ಯಾರನ್ನೂ ಕೇಳದೆ ಹೊರಗೆ ಹಾಕು. ಕೊನೇಲಿ ಬಂದದ್ದನ್ನೂ ಹೊರಗೆ ಹಾಕು. ನಡುವೆ ಬಂದದ್ದು ಮಾತ್ರ ನಮ್ಮದು. ಇನ್ನೊಂದು ತಪ್ಪಾದರೆ ಕೆಲಸವೂ ಇಲ್ಲ, ಹೆಣ್ಣೂ ಇಲ್ಲ."

ಬೆಳ್ಯಪ್ಪನು ಬಾಯಿಪಾಠ ಮಾಡಿದನು.

ಭಾನುವಾರ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಹುಡುಗಿ ದೇಚಮ್ಮನೂ ತಾನೇ ನೋಡಬೇಕೆಂದು ಜೊತೆಗೆ ಹೊರಟಿದ್ದಳು. ಚೋಂದಮ್ಮನು ಕಾಫಿ ಕಾಸುತ್ತ ಒಳಗಿನಿಂದಲೇ ಹೇಳಿದಳು: "ಬಂದವರನ್ನ ನೋಡ್ಕೊ ಮಗ. ಕಲಿತ ಬುದ್ಧಿ ತೋರಿಸು."

ಅವಳು ತಟ್ಟೆ ಹಿಡಿದು ಬಂದಾಗ ಜಗಲಿಯ ಮೇಲೆ ಹುಡುಗಿಯ ಅಜ್ಜಿ ಒಬ್ಬಳೇ ಎಲೆಅಡಿಕೆ ಮೆಲ್ಲುತ್ತಿದ್ದಳು. ಬೇಲಿಯಾಚೆ ಕೆಂಪಗಾದ ಮುಖದ ತಂದೆ. ಅವನ ಹಿಂದೆ, ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದ ದೇಚಮ್ಮ.

"ಹುಡುಗಿ ಯಾಕೋ ಹೊರಗೆ ನಿಂತಿದ್ದಾಳೆ?"

"ಅವರಪ್ಪ ಮೊದಲು ಬಂದ್ರು, ಅವಳು ಕೊನೇಲಿ ಬಂದಳು. ಯಾರನ್ನೂ ಕೇಳದೆ ಇಬ್ಬರನ್ನೂ ಹೊರಗೆ ಹಾಕಿದೆ." ಬೆಳ್ಯಪ್ಪನು ಅಜ್ಜಿಯ ಪಕ್ಕದಲ್ಲಿ ನಾಚಿಕೊಂಡು ಕುಳಿತನು. "ನಡುವೆ ಬಂದದ್ದು ಇವರು. ಇವರೇ ನಮ್ಮವರು."

ಅಜ್ಜಿಯು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನನಗೇನೋ ಒಪ್ಪಿಗೆ" ಎಂದಳು.